ಅಗುಳಿ ತೆಗೆ, ಮಗಾ

ಬಂದೆಯಾ? ಕೂತುಕೋ. ಮೊದಲು ಆ ಫೋನು ಕೆಳಗಿಡು. ನಾನೂರು ದಿನ ಒಂದೂ ತಪ್ಪಿಸದೆ ಅದರಲ್ಲಿ ಫ್ರೆಂಚ್ ಪಾಠ ಮಾಡಿದ್ದೀಯಂತೆ. ಬಿ1 ಸರ್ಟಿಫಿಕೇಟೂ ಕೈಗೆ ಬಂದಿದೆಯಂತೆ. ಪಿಯುಸಿಯಲ್ಲಿ ಫ್ರೆಂಚ್ ತಗೊಂಡು ತೊಂಬತ್ತೆಂಟು ಅಂಕ ತೆಗೆದ ಕಥೆಯನ್ನಂತೂ ನಿಮ್ಮಮ್ಮ ಬೀದಿಗೆಲ್ಲ ಹಂಚಿದ್ದಾಳೆ. ಸಂತೋಷ. ಆದರೆ ಮೊನ್ನೆ ಹಂಪಿಯಲ್ಲಿ ಫ್ರಾನ್ಸಿನ ದಂಪತಿ ದಾರಿ ಕೇಳಿದಾಗ ನಿನ್ನ ಬಾಯಿಂದ ಇಂಗ್ಲಿಷೇ ಬಂತಂತೆ. ಅದನ್ನು ನೀನೇ ಹೇಳಿದೆ, ತಲೆ ತಗ್ಗಿಸಿಕೊಂಡು. ಈಗ ಕೇಳುತ್ತಿದ್ದೀಯ: "ಅಜ್ಜಿ, ನಿರರ್ಗಳವಾಗಿ ಮಾತಾಡೋಕೆ ಇನ್ನೆಷ್ಟು ತಿಂಗಳು ಬೇಕು?"

ನಿರರ್ಗಳ ಅಂದರೇನು, ಯೋಚಿಸಿದ್ದೀಯಾ? ಅರ್ಗಳ ಅಂದರೆ ಅಗುಳಿ. ಹಳೇ ಮನೆಯ ಬಾಗಿಲಿಗೆ ಒಳಗಿನಿಂದ ಹಾಕುತ್ತಿದ್ದ ಮರದ ಅಡ್ಡ. ಅದಿಲ್ಲದ್ದು ನಿರರ್ಗಳ. ಫ್ರೆಂಚರು ಇದಕ್ಕೆ ಕುರಾಮಾಂ ಅನ್ನುತ್ತಾರೆ, ಹರಿಯುವ ಹಾಗೆ ಅಂತ. ಅವರಿಗೆ ಹೊಳೆ ಕಂಡಿತು, ನಮ್ಮವರಿಗೆ ಬಾಗಿಲು ಕಂಡಿತು. ನನಗೆ ನಮ್ಮವರ ಮಾತೇ ಸರಿ ಅನ್ನಿಸುತ್ತದೆ. ಮೂವತ್ತು ವರ್ಷ ಫ್ರೆಂಚ್ ಕಲಿಸಿದ್ದೇನೆ. ಪದ ಸಾಲದೆ ನಿಂತವರನ್ನು ಕಂಡದ್ದು ಕಡಿಮೆ. ಪದಗಳೆಲ್ಲ ಒಳಗೆ ತುಂಬಿಕೊಂಡು, ಬಾಗಿಲಿಗೆ ಅಗುಳಿ ಹಾಕಿಕೊಂಡು ಕೂತವರೇ ಹೆಚ್ಚು. ನೀನೂ ಅವರಲ್ಲೊಬ್ಬ. ಆ ಅಗುಳಿ ಒಳಗಡೆ ಇರುವುದು. ಹೊರಗೆ ನಿಂತು ನಾನು ಬಾಗಿಲು ಬಡಿಯಬಹುದು, ತೆಗೆಯಬೇಕಾದವನು ನೀನು.

ಪದ ತುಂಬಿಕೊಂಡರೆ ಸಾಕು ಅಂದುಕೊಂಡಿದ್ದರೆ ಈ ಕಥೆ ಕೇಳು. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಅಂತ ಒಬ್ಬರು. ಸ್ಕ್ರ್ಯಾಬಲ್ ಆಟದಲ್ಲಿ ಜಗಜಟ್ಟಿ. 2015ರಲ್ಲಿ ಅವರು ಫ್ರೆಂಚ್ ಸ್ಕ್ರ್ಯಾಬಲ್ಲಿನ ವಿಶ್ವ ಚಾಂಪಿಯನ್ ಆದರು. ಅದಕ್ಕೆ ಸುಮಾರು ಒಂಬತ್ತು ವಾರ ಮುಂಚಿನಿಂದ ಫ್ರೆಂಚ್ ಆಟದ ನಿಘಂಟನ್ನೇ ಬಾಯಿಪಾಠ ಮಾಡಿದ್ದರು. ಹುಟ್ಟಾ ಫ್ರೆಂಚರನ್ನೆಲ್ಲ ಸೋಲಿಸಿದ ಆ ಮನುಷ್ಯನಿಗೆ ಫ್ರೆಂಚಿನಲ್ಲಿ ಮಾತಾಡಲು ಬರುತ್ತಿರಲಿಲ್ಲ! ಅದು ಅದ್ಭುತವಾದ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿನಗೆ ಬೇಕಾದದ್ದು ಅದಲ್ಲ. ನಿನ್ನ ಫೋನಿನಲ್ಲಿ ಬೆಳೆಯುತ್ತಿರುವ ಪದಗಳ ಲೆಕ್ಕ ನೋಡಿ ನೀನು ಹಿಗ್ಗುವಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಎಷ್ಟು ತಿಂಗಳು ಅಂದೆಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಮೆರಿಕ ಸರ್ಕಾರ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆ ಫ್ರೆಂಚಿಗೆ ಇಟ್ಟಿರುವ ಅವಧಿ ಸುಮಾರು 30 ವಾರ. ಬೇರೆ ಕೆಲಸವಿಲ್ಲದೆ, ದಿನವಿಡೀ, ಸಂಬಳ ತಗೊಂಡು ಕಲಿಯುವವರಿಗೆ ಅದು. ತರಗತಿಯ ಗಂಟೆಗಳೇ ಆರುನೂರು, ಏಳುನೂರು ದಾಟುತ್ತವೆ. ನೀನು ಮೆಟ್ರೋದಲ್ಲಿ ನಿಂತುಕೊಂಡು ಹದಿನೈದು ನಿಮಿಷ ಮಾಡುತ್ತೀಯ. ನಾನೂರು ದಿನಕ್ಕೆ ನೂರು ಗಂಟೆ ಆಯಿತು. ಗುಣಾಕಾರ ನಿನಗೇ ಬರುತ್ತದೆ. ಅದಕ್ಕೇ "ನನಗೆ ಭಾಷೆ ಹತ್ತುವುದಿಲ್ಲ" ಅಂತ ಹಣೆ ಚಚ್ಚಿಕೊಳ್ಳಬೇಡ. ಹಾಲಿಗೆ ಹೆಪ್ಪು ಹಾಕಿ ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡಿದರೆ ಮೊಸರಾಗುತ್ತದೆಯೇ?

ಈಗ ನನಗೆ ತುಂಬ ಇಷ್ಟವಾದ ಮಾತಿಗೆ ಬರುತ್ತೇನೆ. ನೀನು ಫ್ರೆಂಚನ್ನು ಇಂಗ್ಲಿಷಿನ ಮೂಲಕ ಕಲಿಯುತ್ತಿದ್ದೀಯ. ಪಕ್ಕದ ಮನೆಗೆ ಹೋಗಲು ಊರು ಸುತ್ತಿಕೊಂಡು ಬರುವವರ ಹಾಗೆ. ನಿನ್ನ ಬಾಯಲ್ಲಿ ಕನ್ನಡ ಇದೆ, ಮಗಾ! ಅದು ನಿನಗೆ ಕೊಟ್ಟಿರುವುದನ್ನು ನೀನು ಎಣಿಸಿಯೇ ಇಲ್ಲ.

ಇಂಗ್ಲಿಷರು ಫ್ರೆಂಚಿನ ತು ಅನ್ನುವ ಪದವನ್ನು ಟು ಅಂತ ಟಕಾರದಲ್ಲಿ ಕುಟ್ಟುತ್ತಾರೆ, ಜೊತೆಗೆ ಒಂದಿಷ್ಟು ಗಾಳಿಯನ್ನೂ ಊದುತ್ತಾರೆ. ಫ್ರೆಂಚಿನ ತ ನಮ್ಮ ತಾಯಿಯ ತ. ನಾಲಿಗೆ ಹಲ್ಲಿಗೆ ತಾಗಬೇಕು, ಉಸಿರು ಹೆಚ್ಚಾಗಬಾರದು. ಪ, ಕ ಕೂಡ ಹಾಗೆಯೇ. ಮಹಾಪ್ರಾಣ ಅಲ್ಪಪ್ರಾಣದ ವ್ಯತ್ಯಾಸ ಒಂದನೇ ಕ್ಲಾಸಿನಲ್ಲೇ ಕಲಿತವನು ನೀನು. ಲಂಡನ್ನಿನವರು ವರ್ಷಗಟ್ಟಲೆ ಬೆವರು ಸುರಿಸಿ ಗಳಿಸುವುದು ನಿನಗೆ ಪುಕ್ಕಟೆ ಸಿಕ್ಕಿದೆ. ಅದನ್ನು ಬಿಟ್ಟು ಇಂಗ್ಲಿಷ್ ಸಿನಿಮಾದವರ ಹಾಗೆ ಫ್ರೆಂಚ್ ನುಡಿಯಲು ಹೋಗುತ್ತೀಯಲ್ಲ, ನನಗೆ ಹೊಟ್ಟೆ ಉರಿಯುತ್ತದೆ. ಇಂಗ್ಲಿಷ್ ಮಾತಿನಲ್ಲಿ ಒಂದು ಅಕ್ಷರವನ್ನು ಗುದ್ದಿ ಇನ್ನೊಂದನ್ನು ನುಂಗುತ್ತಾರೆ. ಫ್ರೆಂಚರು ಅಕ್ಷರಗಳನ್ನು ಸಮಸಮನಾಗಿ ಇಡುತ್ತಾ ಹೋಗಿ ಕೊನೆಯದನ್ನು ತುಸು ಎಳೆಯುತ್ತಾರೆ. ಕನ್ನಡದ ಬಾಯಿಗೆ ಇದೇನೂ ದೂರವಲ್ಲ.

ಸಂಧಿ ಓದಿದ್ದೀಯಲ್ಲ, ಅಥವಾ ಅದನ್ನೂ ಫ್ರೆಂಚ್ ತಗೊಂಡು ತಪ್ಪಿಸಿಕೊಂಡೆಯೋ? ಅವನ ಊರು ಅವನೂರು ಆದರೆ ಲೋಪಸಂಧಿ. ಫ್ರೆಂಚಿನಲ್ಲಿ ಗೆಳೆಯ ಅಂದರೆ ಆಮಿ. ಅದರ ಹಿಂದೆ ಲ ಬಂದರೆ ಲ ಆಮಿ ಅನ್ನುವುದಿಲ್ಲ, ಲಾಮಿ. ಅದೇ ಲೋಪ. ಮನೆಯನ್ನು ಅನ್ನುವಾಗ ನಡುವೆ ಯಕಾರ ಬಂದು ಕೂರುತ್ತದೆ, ಎರಡು ಸ್ವರ ಮುಖಾಮುಖಿ ಆಗದಿರಲಿ ಅಂತ. ಫ್ರೆಂಚರು "ಇದೆಯೇ?" ಅಂತ ಕೇಳಲು ಇಯಾತಿಲ್ ಅನ್ನುತ್ತಾರಲ್ಲ, ಆ ನಡುವಿನ ತ ಎಲ್ಲಿಂದ ಬಂತು? ಕೂರಿಸಿದ್ದು. ಆಗಮ. ಇನ್ನು ಬೆಟ್ಟ, ತಾವರೆ ಕೂಡಿ ಬೆಟ್ಟದಾವರೆ ಆಗುವಾಗ ತಕಾರ ಮೆತ್ತಗಾಗಿ ದಕಾರ ಆಗುತ್ತದೆ. ಗೆಳೆಯರು ಅನ್ನುವಾಗ ಲೆ ಪದದ ತುದಿಯಲ್ಲಿ ಮಲಗಿದ್ದ ಸಕಾರ ಎದ್ದು, ಮೆತ್ತಗಾಗಿ ಲೆಜ಼ಾಮಿ ಆಗುತ್ತದೆ. ಪುಸ್ತಕದಲ್ಲಿ ಇದಕ್ಕೆ ಲಿಯೆಜ಼ೋಂ ಅಂತ ಹೆಸರು, ಹತ್ತು ಪುಟ ನಿಯಮ. ನಾನು ಕನ್ನಡದ ಮಕ್ಕಳಿಗೆ ಇದನ್ನು ಸಂಧಿ ಅಂತ ಹೇಳಿಯೇ ಕಲಿಸುತ್ತಿದ್ದೆ. ಅರ್ಧ ಗಂಟೆಯಲ್ಲಿ ಕಣ್ಣು ಮಿನುಗುತ್ತಿದ್ದವು. ಒಂದು ಎಚ್ಚರ ಮಾತ್ರ ಇಟ್ಟುಕೋ. ವೀರರು ಅನ್ನಲು ಲೆ ಎರೋ ಅನ್ನಬೇಕು, ಅಲ್ಲಿ ಸಂಧಿ ಕೂಡದು. ಕೂಡಿಸಿ ಲೆಜ಼ೇರೋ ಅಂದರೆ ಯುದ್ಧದ ವೀರರೆಲ್ಲ ಸೊನ್ನೆಗಳಾಗುತ್ತಾರೆ.

ಇನ್ನು ತು, ವು. ಇಂಗ್ಲಿಷಿನಿಂದ ಬಂದವರಿಗೆ ಇದು ತಲೆನೋವು. ನಿನಗೆ ಯಾಕೆ? ನೀನು, ನೀವು. "ಏನಯ್ಯಾ, ಏಕವಚನದಲ್ಲಿ ಮಾತಾಡ್ತೀಯಾ?" ಅಂತ ಬಸ್ಸಿನಲ್ಲಿ ಜಗಳ ಆಗುವ ನಾಡಿನವನು ನೀನು. ಆ ಮಾತನ್ನು ಫ್ರೆಂಚರಿಗೆ ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ನೀನು ಅನ್ನುವುದಕ್ಕೇ ಅವರಲ್ಲೊಂದು ಕ್ರಿಯಾಪದ ಇದೆ, ತುತ್ವಾಯೇ ಅಂತ. ಪರಿಚಯ ಬೆಳೆದ ಮೇಲೆ ಒಬ್ಬರು "ಇನ್ನು ಏಕವಚನದಲ್ಲೇ ಮಾತಾಡೋಣವೇ?" ಅಂತ ಕೇಳುತ್ತಾರೆ. ಆ ಮಾತನ್ನು ದೊಡ್ಡವರು ಎತ್ತಲಿ, ನೀನು ಮುಂದೆ ಬೀಳಬೇಡ. ನಮ್ಮಲ್ಲಿ ಅಮ್ಮನಿಗೂ ದೇವರಿಗೂ ನೀನು ಅನ್ನುತ್ತೇವೆ. ಅಲ್ಲೂ ಅಮ್ಮ ತು. ದೇವರ ವಿಷಯದಲ್ಲಿ ಕ್ಯಾಥೊಲಿಕರು ಬಹುಕಾಲ ವು ಅನ್ನುತ್ತಿದ್ದು, 1966ರಿಂದ ಪ್ರಾರ್ಥನೆಯಲ್ಲಿ ತು ಅನ್ನಲು ತೊಡಗಿದರು.

ಕನ್ನಡ ಕೈಬಿಡುವ ಕಡೆಯೂ ಇದೆ. ಸುಳ್ಳು ಹೇಳಲಾರೆ. ನಮ್ಮಲ್ಲಿ ಲಿಂಗ ಅರ್ಥದಲ್ಲಿದೆ. ಕಲ್ಲು, ಮರ, ಮೇಜು ಎಲ್ಲ ಅದು. ಫ್ರೆಂಚಿನಲ್ಲಿ ಅದು ಅನ್ನುವ ಮನೆಯೇ ಇಲ್ಲ, ಎಲ್ಲರೂ ಗಂಡಿನ ಸಾಲಿಗೋ ಹೆಣ್ಣಿನ ಸಾಲಿಗೋ ಸೇರಲೇಬೇಕು. ಗಡ್ಡ, ಮೀಸೆ ಎರಡೂ ಸ್ತ್ರೀಲಿಂಗ. ಕಾರಣ ಕೇಳಬೇಡ. ಕೇಳುತ್ತಾ ಕೂತ ಜಾಣ ಹುಡುಗರು ಹಿಂದುಳಿದದ್ದನ್ನು ನೋಡಿದ್ದೇನೆ, ಸುಮ್ಮನೆ ಬಾಯಿಗೆ ಹಾಕಿಕೊಂಡವರು ಮುಂದೆ ಹೋದರು. ಪದವನ್ನು ಒಂಟಿಯಾಗಿ ಕಲಿಯಬೇಡ. ತಾಬ್ಲ್ ಅನ್ನಬೇಡ, ಉನ್ ತಾಬ್ಲ್ ಅನ್ನು. ಹೆಸರಿನ ಜೊತೆ ಇನಿಷಿಯಲ್ ಬರುವ ಹಾಗೆ ಅದು ಯಾವಾಗಲೂ ಜೊತೆಗೇ ಬರಲಿ. ಬಾಲ ನೋಡಿ ಊಹಿಸುವ ದಾರಿಯೂ ಒಂದಿಷ್ಟಿದೆ. ಸ್ಯೋಂ ಅಂತ ಮುಗಿಯುವ ನಾಸ್ಯೋಂ ಥರದವು ಹೆಣ್ಣು. ಆಜ್ ಅಂತ ಮುಗಿಯುವ ವೊಯಾಜ್, ಫ್ರೊಮಾಜ್ ಥರದವು ಬಹುಪಾಲು ಗಂಡು, ಪಾಜ್, ಪ್ಲಾಜ್, ಇಮಾಜ್ ಥರದ ಕೆಲವನ್ನು ಬಿಟ್ಟು. ತಪ್ಪಾದರೆ? ಆಗಲಿ. ಲಿಂಗ ತಪ್ಪಿದ್ದಕ್ಕೆ ಯಾರೂ ರೊಟ್ಟಿ ಕೊಡದೆ ಕಳಿಸುವುದಿಲ್ಲ.

ಆದರೆ ತು ಪದದಲ್ಲಿರುವ ಆ ಸ್ವರವನ್ನು ಮಾತ್ರ ಸಡಿಲ ಬಿಡಬೇಡ. ತುಟಿ ಸಿಳ್ಳೆ ಹೊಡೆಯುವ ಹಾಗಿಟ್ಟುಕೊಂಡು ಒಳಗೆ ಈ ಅನ್ನು. ಕನ್ನಡಿಯ ಮುಂದೆ ನಿಂತು ಅನ್ನು. ಅದು ನಮ್ಮ ಉ ಅಲ್ಲ. ಮೇಲೆ ಅನ್ನಲೂ ಕೆಳಗೆ ಅನ್ನಲೂ ಫ್ರೆಂಚಿನಲ್ಲಿ ಓದ್ಸು ಅಂತಲೇ ಕೇಳಿಸುತ್ತದೆ, ವ್ಯತ್ಯಾಸ ಇರುವುದು ಆ ಕೊನೆಯ ಸ್ವರದಲ್ಲಷ್ಟೆ. ಮೇಲಿನ ಮನೆಗೆ ಹೋಗಬೇಕಾದವನು ಕೆಳಗಿನ ಮನೆಯ ಗಂಟೆ ಒತ್ತಬೇಕಾದೀತು. ಮೂಗಿನ ಸ್ವರಗಳೂ ಹಾಗೆಯೇ. ದ್ರಾಕ್ಷಾರಸ, ಗಾಳಿ, ಅವರು ಹೋಗುತ್ತಾರೆ: ವಾಂ, ವಾಂ, ವೋಂ ಅಂತ ನಾನು ಕನ್ನಡದಲ್ಲಿ ಬರೆದರೆ ಮೊದಲೆರಡು ಒಂದೇ ಆಗಿಬಿಡುತ್ತವೆ, ಕಿವಿಗೆ ಮಾತ್ರ ಮೂರೂ ಬೇರೆ. ನಮ್ಮ ಸೊನ್ನೆ ಕೊನೆಗೆ ಮಕಾರವೋ ನಕಾರವೋ ಆಗಿಬಿಡುತ್ತದೆ, ಬಾಯಿ ಮುಚ್ಚುತ್ತದೆ ಅಥವಾ ನಾಲಿಗೆ ಮೇಲೆ ತಾಗುತ್ತದೆ. ಅಲ್ಲಿ ಏನೂ ತಾಗಬಾರದು. ಗಂಟಲಿನ ರಕಾರಕ್ಕೆ ಹೆದರುತ್ತೀಯಲ್ಲ, ಅದಕ್ಕೆ ಹೆದರಬೇಡ. ನಿನ್ನ ನಾಲಿಗೆಯ ರಕಾರವೂ ಅರ್ಥವಾಗುತ್ತದೆ, ಕಾಲಕ್ರಮದಲ್ಲಿ ಹಿಂದಕ್ಕೆ ಸರಿಯುತ್ತದೆ.

ಕಿವಿಯ ವಿಚಾರಕ್ಕೆ ಬರೋಣ. ನಾವು ಬರೆದಂತೆ ಓದುವ ಜನ. ಅದೇ ನಂಬಿಕೆಯಿಂದ ಫ್ರೆಂಚ್ ಪುಸ್ತಕ ತೆರೆದರೆ ಮೋಸ ಹೋಗುತ್ತೀಯ. ಹಕ್ಕಿ ಅನ್ನುವ ಪದಕ್ಕೆ ಆರು ಅಕ್ಷರ ಬರೆಯುತ್ತಾರೆ, ಓದುವುದು ವಾಜ಼ೋ. ಆ ಆರರಲ್ಲಿ ಒಂದೂ ತನ್ನ ಹೆಸರಿನ ಹಾಗೆ ನುಡಿಯುವುದಿಲ್ಲ. ನಾನು, ನೀನು, ಅವನು, ಅವರು ಮಾತಾಡುವುದನ್ನು ಬೇರೆಬೇರೆಯಾಗಿ ಬರೆದು, ಬಾಯಲ್ಲಿ ಎಲ್ಲಕ್ಕೂ ಪಾರ್ಲ್ ಅನ್ನುತ್ತಾರೆ. ನೀನು ಕಣ್ಣಿನಿಂದ ಕಲಿತೆ. ಅದಕ್ಕೇ ಓದಿದರೆ ಗೊತ್ತಾಗುತ್ತದೆ, ಕೇಳಿದರೆ ಗೊತ್ತಾಗುವುದಿಲ್ಲ. ಹಂಪಿಯಲ್ಲಿ ಆದದ್ದೂ ಅದೇ.

ಇನ್ನೊಂದು ಕಾರಣವೂ ಇದೆ. ಪುಸ್ತಕದ ಫ್ರೆಂಚ್ ಕಲಿತು ಬೀದಿಗೆ ಹೋಗುವುದು, "ನಾನು ಊಟವನ್ನು ಮಾಡುತ್ತೇನೆ" ಅಂತ ಕಲಿತವನು ಮಂಡ್ಯದ ಸಂತೆಗೆ ಹೋದ ಹಾಗೆ. ಗೊತ್ತಿಲ್ಲ ಅನ್ನಲು ಪುಸ್ತಕ ಜ಼ ನ ಸೆ ಪಾ ಅಂತ ನಾಲ್ಕು ತುಂಡು ಕೊಡುತ್ತದೆ. ಬೀದಿಯಲ್ಲಿ ಶೆಪಾ ಅಷ್ಟೆ. ನಾವು ಅನ್ನಲು ಪುಸ್ತಕ ನು ಕಲಿಸುತ್ತದೆ, ಮನೆಯಲ್ಲಿ ಎಲ್ಲರೂ ಓಂ ಅನ್ನುತ್ತಾರೆ. ಇದು ಕೊಳಕು ಫ್ರೆಂಚ್ ಅಲ್ಲ. ನೀನು ಬರ್ತೀನಿ ಅನ್ನುವುದು ಕೊಳಕು ಕನ್ನಡವೇ? ನೀನು ಪುಸ್ತಕದ ಥರ ಮಾತಾಡಿದರೆ ನಡೆಯುತ್ತದೆ, ಆದರೆ ಅವರು ಮಾತಾಡಿದ್ದು ನಿನ್ನ ಕಿವಿಗೆ ಬೀಳಬೇಕು.

ಅದಕ್ಕೆ ಒಂದೇ ಮದ್ದು ನಾನು ಕಂಡದ್ದು: ಉಕ್ತಲೇಖನ. ರೇಡಿಯೋ ಫ್ರಾನ್ಸ್ ಆಂತೆರ್ನಾಸ್ಯೊನಾಲ್‌ನವರು ಸರಳ ಫ್ರೆಂಚಿನಲ್ಲಿ ಹತ್ತು ನಿಮಿಷದ ವಾರ್ತೆ ಕೊಡುತ್ತಾರೆ, ಅಕ್ಷರರೂಪವನ್ನೂ ಜೊತೆಗಿಡುತ್ತಾರೆ. ಹತ್ತು ನಿಮಿಷವೂ ಬೇಡ. ಎರಡು ನಿಮಿಷ ಸಾಕು. ಮೊದಲು ಬರೀ ಕೇಳು. ಆಮೇಲೆ ನಿಲ್ಲಿಸಿ ನಿಲ್ಲಿಸಿ ಬರೆ. ಆಮೇಲೆ ಅಚ್ಚಾದದ್ದರ ಪಕ್ಕ ಇಟ್ಟು ನೋಡು. ಎಲ್ಲಿ ತಪ್ಪಿತೋ ಅಲ್ಲಿ ನಿನ್ನ ಕಿವಿ ಕಿವುಡಾಗಿದೆ ಅಂತ ಅರ್ಥ. ಆ ಜಾಗವನ್ನು ಹತ್ತು ಸಲ ಕೇಳಿ, ವಾರ್ತೆ ಓದುವವರ ಜೊತೆಗೇ ದನಿ ಕೂಡಿಸಿ ಗಟ್ಟಿಯಾಗಿ ಹೇಳು, ಭಜನೆಯಲ್ಲಿ ಹಿಂದಿನಿಂದ ಹೇಳುವವರ ಹಾಗೆ. ಇದು ಬೇಸರದ ಕೆಲಸ, ನಿಜ. ಆರು ವಾರ ಮಾಡಿ ಬಾ, ಆಮೇಲೆ ಬೇಸರದ ಮಾತಾಡು. ಫ್ರೆಂಚರಿಗೇ ಉಕ್ತಲೇಖನ ಅಂದರೆ ಒಂದು ಹುಚ್ಚು. 1857ರಲ್ಲಿ ಸಾಹಿತಿ ಮೆರಿಮೇ ಅರಮನೆಯಲ್ಲಿ ಎಲ್ಲರಿಗೂ ಉಕ್ತಲೇಖನ ಕೊಟ್ಟರಂತೆ. ಚಕ್ರವರ್ತಿ ಮೂರನೇ ನೆಪೋಲಿಯನ್ 75 ತಪ್ಪು ಮಾಡಿದ, ಆಸ್ಟ್ರಿಯಾದ ಮೆಟರ್ನಿಕ್ ಬರೀ ಮೂರು ತಪ್ಪಿನಲ್ಲಿ ಮುಗಿಸಿದ ಅಂತ ಇವತ್ತಿಗೂ ಕಥೆ ಹೇಳುತ್ತಾರೆ. ಪರದೇಶಿಯೇ ಗೆದ್ದ ಕಥೆ ಅದು. ನೆನಪಿಟ್ಟುಕೋ.

ಈಗ ಅಗುಳಿಯ ಹತ್ತಿರ ಬರುತ್ತೇನೆ.

ನಾನು ಮೊದಲ ಸಲ ಫ್ರಾನ್ಸಿಗೆ ಹೋದದ್ದು 1984ರ ಚಳಿಗಾಲ. ಲಿಯೋಂ ಊರು. ಆಗಲೇ ನಾನು ಕಾಲೇಜಿನಲ್ಲಿ ಕಲಿಸುತ್ತಿದ್ದೆ, ವ್ಯಾಕರಣ ಅಂಗೈಯಲ್ಲಿತ್ತು. ಮೊದಲ ಬೆಳಿಗ್ಗೆ ರೊಟ್ಟಿ ಅಂಗಡಿಗೆ ಹೋಗಿ, ದಾರಿಯುದ್ದಕ್ಕೂ ಕಟ್ಟಿಕೊಂಡು ಹೋದ ವಾಕ್ಯವನ್ನು ಒಂದು ತಪ್ಪೂ ಇಲ್ಲದೆ ಹೇಳಿದೆ: ದಯವಿಟ್ಟು ಒಂದು ಬಾಗೆತ್ ಕೊಡಿ. ಅಂಗಡಿಯಾಕೆ ನನ್ನ ಮುಖ ನೋಡಿ "ಬೊಂಜೂರ್, ಮದಾಮ್" ಅಂದಳು. ನಾನು ವಾಕ್ಯವನ್ನು ಮತ್ತೆ ಹೇಳಿದೆ. ಅವಳು ಮತ್ತೆ "ಬೊಂಜೂರ್" ಅಂದಳು, ನಿಧಾನಕ್ಕೆ. ಆಗ ಗೊತ್ತಾಯಿತು. ಅಲ್ಲಿ ಅಂಗಡಿ ಅಂದರೆ ಒಬ್ಬರ ಮನೆಯಂಗಳದ ಹಾಗೆ. ಕಾಲಿಟ್ಟೊಡನೆ ನಮಸ್ಕಾರ ಹೇಳಬೇಕು, ಆಮೇಲೆ ವ್ಯಾಪಾರ. ನಾನು ಬೊಂಜೂರ್ ಅಂದೆ. ಅವಳ ಮುಖ ಅರಳಿತು. ಭಾಷೆ ಅಂದರೆ ಎದುರಿಗಿರುವವರ ಮುಖ ನೋಡುವುದು ಅಂತ ಅವತ್ತು ಕಲಿತೆ. ನಾನು ವಾಕ್ಯವನ್ನು ನೋಡುತ್ತಿದ್ದೆ, ಅವಳನ್ನು ನೋಡಿರಲಿಲ್ಲ.

ನನಗೆ ನಿಜವಾಗಿ ಮಾತು ಕಲಿಸಿದವರು ನಮ್ಮ ಕಟ್ಟಡದ ನಾಲ್ಕನೇ ಮಹಡಿಯ ಮುದುಕಿ. ಮೆಟ್ಟಿಲಲ್ಲಿ ಅವರ ಚೀಲ ಎತ್ತಿಕೊಟ್ಟೆ, ಒಳಗೆ ಕರೆದರು. ಮೇಜಿನ ಮೇಲೆ ಹಸಿ ಬಟಾಣಿಯ ರಾಶಿ. ನಾನು ಕೇಳದೆಯೇ ಕೂತು ಸುಲಿಯತೊಡಗಿದೆ. ಅವರೆಕಾಯಿ ಸುಲಿದು ಬೆಳೆದ ಕೈ, ಅದಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ. ಕಾಳು ಬಿಡಿಸುವುದಕ್ಕೆ ಎಕೊಸೇ ಅನ್ನುತ್ತಾರೆ ಅಂತ ಅವತ್ತು ತಿಳಿಯಿತು. ಹತ್ತು ವರ್ಷ ಓದಿದ್ದರಲ್ಲಿ ಆ ಪದ ಎಲ್ಲೂ ಸಿಕ್ಕಿರಲಿಲ್ಲ. ಕೈ ಕೆಲಸದಲ್ಲಿತ್ತು, ಯಾರೂ ಯಾರ ಮುಖವನ್ನೂ ದಿಟ್ಟಿಸುತ್ತಿರಲಿಲ್ಲ, ಬಾಯಿ ತಾನಾಗಿ ಬಿಚ್ಚಿಕೊಂಡಿತು. ನಾನು ತಪ್ಪು ಹೇಳಿದರೆ ಆಕೆ ತಿದ್ದುತ್ತಿರಲಿಲ್ಲ. "ನಿನ್ನೆ ನಾನು ಹೋಗಿದ್ದೇನೆ ಮಾರುಕಟ್ಟೆ" ಅಂತ ಏನೋ ಅಂದರೆ, "ಓಹೋ, ನಿನ್ನೆ ಮಾರುಕಟ್ಟೆಗೆ ಹೋಗಿದ್ದೆಯಾ?" ಅಂತ ಸರಿಯಾದದ್ದನ್ನೇ ನನಗೆ ಮರಳಿಸುತ್ತಿದ್ದರು. ಮಕ್ಕಳಿಗೆ ನಾವು ಮಾಡುವುದು ಅದನ್ನೇ ಅಲ್ಲವೇ? ಅಂಥವರೊಬ್ಬರನ್ನು ಹುಡುಕಿಕೋ. ನಿನ್ನ ವಯಸ್ಸಿನವರೇ ಬೇಕಿಲ್ಲ. ವಯಸ್ಸಾದವರಿಗೆ ಬಿಡುವಿದೆ, ಮಾತಾಡುವ ಆಸೆ ಇದೆ, ಅವಸರ ಇಲ್ಲ. ಫೋನಿನ ಪರದೆಯಲ್ಲಿ ಸಿಕ್ಕರೂ ಸರಿ. ಅವರಿಗೂ ಒಂದು ಕೆಲಸ ಇರಲಿ, ನಿನಗೂ ಇರಲಿ. ತರಕಾರಿ ಹೆಚ್ಚುತ್ತಾ ಮಾತಾಡು.

ಮತ್ತೆ ನೀನು ಬಾಯಿ ತೆರೆದು, ಪದ ಸಿಗದೆ, ಆ ಸುಡುಗಾಡು ಮೌನದಲ್ಲಿ ಒದ್ದಾಡುತ್ತೀಯಲ್ಲ, ಅದಕ್ಕೊಂದು ಉಪಾಯ. ಫ್ರೆಂಚರೂ ನಿಲ್ಲುತ್ತಾರೆ. ಆದರೆ ಫ್ರೆಂಚಿನಲ್ಲೇ ನಿಲ್ಲುತ್ತಾರೆ. ಅ... ಅಂತ ಎಳೆಯುತ್ತಾರೆ, ಅಲೋರ್ ಅನ್ನುತ್ತಾರೆ, ಆಂ ಫೆತ್ ಅನ್ನುತ್ತಾರೆ, ಎರಡು ಮಾತಿಗೊಮ್ಮೆ ದು ಕೂ ಅನ್ನುತ್ತಾರೆ. ನಮ್ಮ ಅಂದ್ರೆ, ಅದೇ, ಮತ್ತೆ ಇದ್ದ ಹಾಗೆ. ಇವನ್ನು ಯಾವ ಮೇಷ್ಟರೂ ಕಲಿಸುವುದಿಲ್ಲ. ಕಲಿತುಕೋ. ನೀನು ಫ್ರೆಂಚಿನಲ್ಲಿ ತಡವರಿಸಿದರೆ ಎದುರಿಗಿರುವವರು ಕಾಯುತ್ತಾರೆ. ಇಂಗ್ಲಿಷಿನಲ್ಲಿ ತಡವರಿಸಿದರೆ ಅವರೂ ಇಂಗ್ಲಿಷಿಗೆ ಹೊರಳಿಬಿಡುತ್ತಾರೆ, ಅಲ್ಲಿಗೆ ಆಟ ಮುಗಿಯಿತು.

ತಪ್ಪಿಗೆ ಹೆದರುತ್ತೀಯಾ? ಆಗೊತಾ ಕ್ರಿಸ್ತೋಫ್ ಹೆಸರು ಕೇಳಿರಲಾರೆ. ಹಂಗೇರಿಯವರು. 1956ರ ದಂಗೆಯ ನಂತರ, 21ರ ವಯಸ್ಸಿನಲ್ಲಿ, ಗಂಡ ಮತ್ತು ಹಸುಗೂಸಿನ ಜೊತೆ ಗಡಿ ದಾಟಿ ಸ್ವಿಟ್ಜರ್ಲೆಂಡಿನ ನ್ಯೂಶಾತೆಲ್ ಸೇರಿದರು. ಫ್ರೆಂಚಿನ ಗಂಧ ಇರಲಿಲ್ಲ. ಗಡಿಯಾರದ ಕಾರ್ಖಾನೆಯಲ್ಲಿ ಕೆಲಸ. ನಾಲ್ಕನೇ ವಯಸ್ಸಿಗೇ ಓದಲು ಕಲಿತಿದ್ದ ಹೆಂಗಸು ಮತ್ತೆ ಅನಕ್ಷರಸ್ಥೆ ಆದರು. ಐದು ವರ್ಷದಲ್ಲಿ ಮಾತು ಬಂತು, ಓದು ಬರಲಿಲ್ಲ. ಮತ್ತೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕೂತರು. 1986ರಲ್ಲಿ ಲ ಗ್ರಾಂ ಕಾಯೇ ಬಂತು, ಫ್ರೆಂಚಿನಲ್ಲೇ ಬರೆದ ಕಾದಂಬರಿ. ಅದರಲ್ಲಿ ಉದ್ದ ವಾಕ್ಯವೇ ಇಲ್ಲವೆನ್ನಬೇಕು. ಪುಟ್ಟಪುಟ್ಟ, ಬರಿಯ, ಚೂಪಾದ ವಾಕ್ಯಗಳು. ಲೋಕವೆಲ್ಲ ಓದಿತು. ಆಮೇಲೆ ತಮ್ಮ ಬದುಕಿನ ಬಗ್ಗೆ ಬರೆದ ಚಿಕ್ಕ ಪುಸ್ತಕಕ್ಕೆ ಆಕೆ ಇಟ್ಟ ಹೆಸರು ಅನಕ್ಷರಸ್ಥೆ ಅಂತಲೇ. ಮೂವತ್ತು ವರ್ಷ ಮಾತಾಡಿದ ಮೇಲೂ ತಪ್ಪಿಲ್ಲದೆ ಮಾತಾಡಲು ಬರುವುದಿಲ್ಲ, ನಿಘಂಟಿಲ್ಲದೆ ಬರೆಯಲು ಆಗುವುದಿಲ್ಲ ಅಂತ ಅದರಲ್ಲಿ ಒಪ್ಪಿಕೊಂಡಿದ್ದಾರೆ. ನಾನು ಆ ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನೀನೂ ಉದ್ದುದ್ದ ವಾಕ್ಯ ಕಟ್ಟುವ ಚಪಲ ಬಿಡು. ಇಂಗ್ಲಿಷಿನ ಜಟಿಲ ವಾಕ್ಯವನ್ನು ಹೊತ್ತು ತಂದು ಫ್ರೆಂಚಿಗೆ ಇಳಿಸಲು ಹೋಗಿ ನಡುದಾರಿಯಲ್ಲಿ ಚೆಲ್ಲಿಬಿಡುತ್ತೀಯ.

ಸಂಖ್ಯೆಗೆ ಬಂದರೆ ಎಲ್ಲರೂ ಅಳುತ್ತಾರೆ. ಎಪ್ಪತ್ತಕ್ಕೆ ಅರವತ್ತು ಹತ್ತು, ಎಂಬತ್ತಕ್ಕೆ ನಾಲ್ಕಿಪ್ಪತ್ತು, ತೊಂಬತ್ತೇಳಕ್ಕೆ ನಾಲ್ಕಿಪ್ಪತ್ತು ಹದಿನೇಳು. ಇಪ್ಪತ್ತರ ಲೆಕ್ಕ ಹಳೆಯದು. ಪ್ಯಾರಿಸ್ಸಿನಲ್ಲಿ ಹದಿಮೂರನೇ ಶತಮಾನದಲ್ಲಿ ಕುರುಡರಿಗಾಗಿ ಕಟ್ಟಿಸಿದ ಆಸ್ಪತ್ರೆಗೆ ಕ್ಯಾಂಜ಼್ ವಾಂ ಅಂತ ಹೆಸರು, ಹದಿನೈದಿಪ್ಪತ್ತು, ಅಂದರೆ ಮುನ್ನೂರು ಜನಕ್ಕೆ. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನವರು ಎಪ್ಪತ್ತಕ್ಕೆ ಸೆಪ್ತಾಂತ್, ತೊಂಬತ್ತಕ್ಕೆ ನೊನಾಂತ್ ಅಂತ ಸಲೀಸು ಮಾಡಿಕೊಂಡಿದ್ದಾರೆ. ಫ್ರಾನ್ಸಿನಲ್ಲಿ ಫೋನ್ ನಂಬರನ್ನು ಎರಡೆರಡು ಅಂಕಿ ಜೋಡಿಸಿ ಹೇಳುತ್ತಾರೆ. ಸ್ವಸಾಂತ್ ಅಂತ ಕೇಳಿದ ಕೂಡಲೇ 6 ಬರೆದುಬಿಟ್ಟೆಯೋ, ಹಿಂದೆಯೇ ದಿಸ್ ಬಂದು ಅದನ್ನು 7 ಮಾಡಿಸುತ್ತದೆ. ದಿನಾ ಬಸ್‌ ನಿಲ್ದಾಣದಲ್ಲಿ ನಿಲ್ಲುತ್ತೀಯಲ್ಲ, ಹೋಗುವ ಬಸ್ಸಿನ ನಂಬರುಗಳನ್ನೆಲ್ಲ ಫ್ರೆಂಚಿನಲ್ಲಿ ಹೇಳು. ಅದಕ್ಕಿಂತ ಹೆಚ್ಚಿಗೆ ಇದರಲ್ಲೇನೂ ಇಲ್ಲ.

ಕೆನಡಾಕ್ಕೆ ಹೋಗುವ ಆಸೆ ಅಂದೆ. ಫ್ರೆಂಚ್ ಬಲ್ಲವರಿಗೆ 2023ರಿಂದ ಅವರು ವಲಸೆಗೆ ಪ್ರತ್ಯೇಕ ಆಯ್ಕೆ ನಡೆಸುತ್ತಿದ್ದಾರೆ, ಅದರಿಂದ ನಮ್ಮ ಹುಡುಗರು ಗುಂಪುಗುಂಪಾಗಿ ಟೆಫ್, ಟಿಸಿಎಫ್ ಬರೆಯುತ್ತಿದ್ದಾರೆ. ಬರೆ. ಪರೀಕ್ಷೆ ಬೇಡ ಅನ್ನುವವಳಲ್ಲ ನಾನು. ಆದರೆ ಡೆಲ್ಫ್ ಅನ್ನುವ ಪರೀಕ್ಷೆಯ ಬಿ2 ಮಟ್ಟಕ್ಕೆ ನೂರಕ್ಕೆ ಐವತ್ತು ಬಂದರೆ ಪಾಸು, ಅದನ್ನು ತಿಳಿದುಕೊಂಡು ಹೋಗು. ಅರ್ಧ ಬಂದವನಿಗೂ ಕೊಡುವ ಕಾಗದ ಅದು. ಮಾಂಟ್ರಿಯಲ್ಲಿನಲ್ಲಿ ಇಳಿದ ಮೇಲೆ ಕಾರಿಗೆ ಶಾರ್ ಅನ್ನುವುದು ಕೇಳುತ್ತೀಯ. ಪ್ಯಾರಿಸ್ಸಿನಲ್ಲಿ ಮಧ್ಯಾಹ್ನದ ಊಟವಾಗಿದ್ದ ದೆಜ್ಯೂನೇ ಅಲ್ಲಿ ಬೆಳಗಿನ ತಿಂಡಿ. ಅದನ್ನು ಕೆಟ್ಟ ಫ್ರೆಂಚ್ ಅಂತ ಮೂಗು ಮುರಿಯುವವರ ಜೊತೆ ಸೇರಬೇಡ. ಧಾರವಾಡದವರು ಮಾತಾಡುವುದು ಕನ್ನಡವಲ್ಲ ಅಂದರೆ ಸುಮ್ಮನಿರುತ್ತೀಯಾ? ಇವತ್ತು ಫ್ರೆಂಚ್ ಆಡುವ ಅತಿ ದೊಡ್ಡ ನಗರ ಕಾಂಗೋದ ಕಿನ್ಶಾಸಾ, ಪ್ಯಾರಿಸ್ ಅಲ್ಲ. ಆಫ್ರಿಕದವರ ಫ್ರೆಂಚನ್ನೂ ಕಿವಿಗೆ ಹಾಕಿಕೋ.

ಒಂದು ಮಾತು ನೋವಿನಿಂದ ಹೇಳುತ್ತೇನೆ. ಅಂಕ ಸಲೀಸಾಗಿ ಬರುತ್ತದೆ ಅಂತ ಕನ್ನಡ ಬಿಟ್ಟು ಫ್ರೆಂಚ್ ಬೆಂಚಿಗೆ ಬಂದು ಕೂತ ಮಕ್ಕಳಿಗೆ ನಾನು ಎಷ್ಟೋ ವರ್ಷ ಪಾಠ ಮಾಡಿದೆ. ಅವರಿಗೆ ಕನ್ನಡವೂ ಹೋಯಿತು, ಫ್ರೆಂಚೂ ಬರಲಿಲ್ಲ. ಎರಡೂ ಭಾಷೆಗೆ ಅವಮಾನ. ನೀನು ಈಗ ಅಂಕ ಮರೆತು ಮಾತು ಕೇಳಿಕೊಂಡು ಬಂದಿದ್ದೀಯ, ಅದಕ್ಕೇ ಇಷ್ಟು ಹೊತ್ತು ಕೂರಿಸಿಕೊಂಡಿದ್ದೇನೆ.

ಪಾಂಡವಪುರದ ಮೇಲೆ ಹೋಗುವಾಗ ನೆನಪು ಮಾಡಿಕೋ. ಅದಕ್ಕೆ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು. ಹೈದರ್, ಟಿಪ್ಪು ಕಾಲದಲ್ಲಿ ಅವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರ ಬೀಡು ಅಲ್ಲಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಸೀಮೆಗೆ ದ್ಯುಬ್ವಾ ಅನ್ನುವ ಫ್ರೆಂಚ್ ಪಾದ್ರಿ ಬಂದರು. ನಮ್ಮವರ ಹಾಗೆ ಉಡುತ್ತಿದ್ದರು, ನಮ್ಮವರ ಹಾಗೆ ಉಣ್ಣುತ್ತಿದ್ದರು, ಹಳ್ಳಿಯವರ ನಡುವೆಯೇ ಇರುತ್ತಿದ್ದರು. ಜನ ದೊಡ್ಡಸ್ವಾಮಿಯವರು ಅಂತ ಕರೆದರು. ನಮ್ಮ ಬಗ್ಗೆ ಅವರು ಬರೆದದ್ದೆಲ್ಲ ನಾನು ಒಪ್ಪುವಂಥದ್ದಲ್ಲ. ಆದರೆ ಆ ಕಾಲದಲ್ಲಿ, ನಿಘಂಟಿಲ್ಲದೆ, ತರಗತಿ ಇಲ್ಲದೆ, ನಮ್ಮ ಜಗಲಿಗಳ ಮೇಲೆ ಕೂತು ಅವರು ಮಾತು ಕಲಿತದ್ದು ನನ್ನ ಕಣ್ಣಿಗೆ ಕಟ್ಟುತ್ತದೆ. ಆ ಜಗಲಿ ನಿನಗೂ ಬೇಕು. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ಗೆ ತರಗತಿಗಷ್ಟೇ ಹೋಗಿ ಬರಬೇಡ, ಗ್ರಂಥಾಲಯದಲ್ಲಿ ಕೂರು, ಸಿನಿಮಾ ಇದ್ದರೆ ನೋಡು, ಮುಗಿದ ಮೇಲೆ ಹೊರಗೆ ನಿಂತವರ ಹತ್ತಿರ ಹೋಗಿ "ಹೇಗಿತ್ತು?" ಅಂತ ಕೇಳು.

ಈಗ ಎದ್ದೇಳು, ಕತ್ತಲಾಯಿತು. ನಾಳೆ ಸಂಜೆ ಮತ್ತೆ ಬಾ. ಚಕ್ಕುಲಿಗೆ ಹಿಟ್ಟು ಕಲಸುತ್ತೇನೆ, ನೀನು ಒರಳು ಒತ್ತು. ಒತ್ತುತ್ತಾ ಒತ್ತುತ್ತಾ ಚಕ್ಕುಲಿ ಹೇಗೆ ಮಾಡುವುದು ಅಂತ ನನಗೆ ಫ್ರೆಂಚಿನಲ್ಲಿ ಹೇಳು. ಉದ್ದಿನ ಬೇಳೆಗೆ ಪದ ಗೊತ್ತಿಲ್ಲ ಅಂತ ಫೋನು ತೆಗೆದೆಯೋ, ಒಂದು ಚಕ್ಕುಲಿಯೂ ಇಲ್ಲ. ಚಿಕ್ಕ ಬಿಳಿ ಕಾಳು, ಹುರಿದರೆ ಕೆಂಪಾಗುತ್ತದೆ, ವಾಸನೆ ಬೀದಿಗೆ ಹೋಗುತ್ತದೆ ಅನ್ನು. ನನಗೆ ಅರ್ಥವಾಗುತ್ತದೆ. ಮತ್ತೆ, ಬಾಗಿಲಲ್ಲಿ ಕಾಲಿಡುವಾಗ ಮೊದಲು ಏನನ್ನಬೇಕು?